ಬಯಲು ನಾಟಕ, ಬಂಡಿ ಬಿಡಾರ ಮತ್ತು ಜಮಾ-ಖರ್ಚು

ಕಳೆದ ನವರಾತ್ರಿಯ ಹೊತ್ತಿನಲ್ಲಿ ಭಾಲ್ಕಿಯ ಒಬ್ಬ ಶಾಮಿಯಾನ ವ್ಯಾಪಾರಿಗಳು ತಮ್ಮ ಮಗನೊಡನೆ ಬೀದರಿನ ನಮ್ಮ ಕಚೇರಿಗೆ ಬಂದರು. ಮಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಬಂಧುಗಳ ಮನೆಗೆ ಹೋಗಿ ಬಂದಿದ್ದರು. ಅಲ್ಲಿ ಅವರನ್ನು ಮನೆಯಂತೆ ಸಜ್ಜಾದ ಒಂದು ವಾಹನದಲ್ಲಿ ಆಳವಾದ ಕಣಿವೆಯೊಂದಕ್ಕೆ ಕರೆದೊಯ್ದರಂತೆ. ಹಗಲೆಲ್ಲ ಕಣಿವೆಯ ಬಿಡಾರದಲ್ಲಿದ್ದು, ರಾತ್ರಿ ಬಂಡೆಯ ಗೋಡೆಯೇ ಹಿನ್ನೆಲೆಯಾದ ಬಯಲು ರಂಗಮಂಟಪದಲ್ಲಿ ನಾಟಕ ನೋಡಿ, ನಡೆದುಕೊಂಡೇ ವಾಹನಕ್ಕೆ ಮರಳಿ ಮಲಗಿದರಂತೆ. ಅಂಥದೇ ಒಂದನ್ನು ಭಾಲ್ಕಿ-ಔರಾದ ಮಾರ್ಗದಲ್ಲಿರುವ ತಮ್ಮ ಪಾಳು ಭೂಮಿಯಲ್ಲಿ ಆರಂಭಿಸಬೇಕು, ಅದಕ್ಕೆ ಮನೆಯನ್ನು ಅಡವಿಟ್ಟು ಬ್ಯಾಂಕ್ ಸಾಲ ಪಡೆಯಬೇಕು, ಆದ್ದರಿಂದ ಯೋಜನಾ ವರದಿಯನ್ನು ಸಿದ್ಧಪಡಿಸಿಕೊಡಬೇಕು ಎಂಬುದು ಅವರ ಕೋರಿಕೆಯಾಗಿತ್ತು.

ತಂದೆಯವರು ಹೆಚ್ಚು ಮಾತನಾಡಲಿಲ್ಲ. "ಲೆಕ್ಕ ಕೂಡಿದರೆ ಮಾಡೋಣ, ಕೂಡದಿದ್ದರೆ ಬೇಡ" ಎಂದಷ್ಟೇ ಹೇಳಿದರು. ಆ ಲೆಕ್ಕವನ್ನು ಕೂಡಿಸಲು ನನಗೆ ಒಂದು ತಿಂಗಳು ಹಿಡಿಯಿತು. ಶಾಮಿಯಾನ, ದೀಪ, ಧ್ವನಿವರ್ಧಕ, ತಿಂಡಿ ತಯಾರಿಕೆ, ಮರಗೆಲಸ, ಕರಕುಶಲ ವಸ್ತು ಮೊದಲಾದ ವ್ಯವಹಾರಗಳಲ್ಲಿರುವ ನಮ್ಮ ಅನೇಕ ಸದಸ್ಯರಿಗೂ ಅದು ಉಪಯೋಗವಾಗಬಹುದೆಂಬ ಉದ್ದೇಶದಿಂದ ಅವರ ಅನುಮತಿ ಪಡೆದು, ಗುರುತಿನ ವಿವರಗಳನ್ನು ಬಿಟ್ಟು, ಇಲ್ಲಿ ವಿವರಿಸಲಾಗಿದೆ.

ಬಂಡಿಯೇ ಮನೆ

ಮೊದಲಿಗೆ ಒಂದು ಮಾತು. ವಾಹನದಲ್ಲೇ ವಾಸ ಮಾಡಿ ಬಯಲಿನಲ್ಲಿ ಆಟ ನೋಡುವುದು ನಮಗೆ ಹೊಸತಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಹಳ್ಳಿಯಿಂದ ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಬಂಡಿಯ ತಳದಲ್ಲಿ ಜೋಳದ ಕಣಿಕೆ, ಅದರ ಮೇಲೆ ಕೌದಿ, ಮೂಲೆಯಲ್ಲಿ ರೊಟ್ಟಿಯ ಗಂಟು ಮತ್ತು ಶೇಂಗಾ ಚಟ್ನಿಯ ಡಬ್ಬಿ. ಎತ್ತು ಬಿಚ್ಚಿದ ಮೇಲೆ ಬಂಡಿಯ ಕೆಳಗೆ ಮಕ್ಕಳು, ಮೇಲೆ ಹಿರಿಯರು. ಮೂರು ಕಲ್ಲಿನ ಒಲೆಯಲ್ಲಿ ಅಡುಗೆ. ರಾತ್ರಿ ಬಯಲಿನಲ್ಲಿ ಆಟ ನಡೆದರೆ ನೊಗವನ್ನು ಆಸರೆ ಮಾಡಿಕೊಂಡು ಬಂಡಿಯಲ್ಲೇ ಕುಳಿತು ನೋಡಿದ್ದೂ ಉಂಟು.

ಈ ಪದ್ಧತಿಯನ್ನು ಪೂರ್ಣ ಪ್ರಮಾಣದಲ್ಲಿ ಕಾಣಬೇಕಾದರೆ ಬಾಗಲಕೋಟೆ ಜಿಲ್ಲೆಯ ಬನಶಂಕರಿಗೆ ಹೋಗಬೇಕು. ಕೆಂಪು ಮರಳುಗಲ್ಲಿನ ಬಂಡೆಗಳ ನಡುವೆ ಇರುವ ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದಲ್ಲಿ, ಚೊಳಚಗುಡ್ಡದ ಬಳಿ ಈ ದೇವಸ್ಥಾನವಿದೆ. ಪುಷ್ಯ ಮಾಸದ ಬನದ ಹುಣ್ಣಿಮೆಯಂದು ರಥೋತ್ಸವ. ಜಾತ್ರೆ ಹಲವು ವಾರಗಳವರೆಗೆ ಮುಂದುವರಿಯುತ್ತದೆ. ಆ ಅವಧಿಯಲ್ಲಿ ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳು ಅಲ್ಲಿ ಒಂದರ ಪಕ್ಕ ಒಂದರಂತೆ ತಮ್ಮ ತಾತ್ಕಾಲಿಕ ರಂಗಮಂದಿರಗಳನ್ನು ಕಟ್ಟುತ್ತವೆ. ಒಂದೇ ದಿನಕ್ಕೆ ಹಲವು ಪ್ರಯೋಗಗಳು. ಕೊನೆಯದು ಮುಗಿಯುವಾಗ ಬೆಳಗಿನ ಜಾವ. ಬಂಡಿ, ಟ್ರ್ಯಾಕ್ಟರ್, ಟೆಂಪೋಗಳಲ್ಲಿ ಬಂದ ಕುಟುಂಬಗಳು ಬಯಲಿನಲ್ಲೇ ಬಿಡಾರ ಹೂಡುತ್ತವೆ. ಹಗಲು ದೇವಿಯ ದರ್ಶನ ಮತ್ತು ಪೇಟೆ, ರಾತ್ರಿ ನಾಟಕ. ಮರದ ಬಾಗಿಲು ಮತ್ತು ಚೌಕಟ್ಟುಗಳ ವ್ಯಾಪಾರಕ್ಕೂ ಈ ಜಾತ್ರೆ ಹೆಸರಾಗಿದೆ. ಮನೆ ಕಟ್ಟಿಸುವವರು ಬಾಗಿಲನ್ನು ಜಾತ್ರೆಯಲ್ಲಿ ಕೊಂಡು ಅದೇ ವಾಹನದಲ್ಲಿ ಊರಿಗೆ ಒಯ್ಯುತ್ತಾರೆ.

ನಮ್ಮ ಗಡಿಯಾಚೆಗೂ ಇದೇ ಬಗೆಯುಂಟು. ನಾಂದೇಡ ಜಿಲ್ಲೆಯ ಲೋಹಾ ತಾಲ್ಲೂಕಿನ ಮಾಳೇಗಾಂವ್ ಖಂಡೋಬಾ ಜಾತ್ರೆಯಲ್ಲಿ ಜಾನುವಾರು ಸಂತೆ ಮತ್ತು ತಮಾಷಾ ತಂಬುಗಳು ಒಟ್ಟೊಟ್ಟಿಗೆ ಇರುತ್ತವೆ. ಔರಾದ ಕಡೆಯ ಹಳೆಯ ರೈತರಿಗೆ ಈ ಜಾತ್ರೆಯ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ.

ಟೆಕ್ಸಾಸಿನ ಕಣಿವೆ

ಇನ್ನು ಆ ಯುವಕರು ಕಂಡ ಕಣಿವೆ. ಅದರ ಹೆಸರು ಪಾಲೊ ಡ್ಯೂರೊ. ಟೆಕ್ಸಾಸಿನ ಉತ್ತರ ತುದಿಯಲ್ಲಿ, ಅಮರಿಲ್ಲೊ ನಗರಕ್ಕೆ ಸಮೀಪದಲ್ಲಿದೆ. ಅಮೆರಿಕದ ಎರಡನೆಯ ಅತಿ ದೊಡ್ಡ ಕಣಿವೆಯೆಂದು ಅದನ್ನು ಕರೆಯುತ್ತಾರೆ. ಕಣಿವೆಯ ಒಂದು ಭಾಗ 1934ರಿಂದ ರಾಜ್ಯ ಉದ್ಯಾನವಾಗಿದೆ. ಕಣಿವೆಯ ತಳದಲ್ಲಿ ವಾಹನ ನಿಲ್ಲಿಸಿ ತಂಗಲು ನೀರು ಮತ್ತು ವಿದ್ಯುತ್ ಸಂಪರ್ಕವುಳ್ಳ ತಾಣಗಳಿವೆ. ಅಲ್ಲಿಯ ಬಯಲು ರಂಗಮಂಟಪದಲ್ಲಿ 'ಟೆಕ್ಸಾಸ್' ಎಂಬ ಸಂಗೀತ ನಾಟಕವು 1966ರಿಂದ ಬೇಸಿಗೆಯಲ್ಲಿ ಪ್ರದರ್ಶನಗೊಳ್ಳುತ್ತ ಬಂದಿದೆ. ಸುಮಾರು 600 ಅಡಿ ಎತ್ತರದ ಬಂಡೆಯೇ ಅದರ ಪರದೆ. ಆರಂಭದಲ್ಲಿ ಆ ಬಂಡೆಯ ತುದಿಯಲ್ಲಿ ಒಬ್ಬ ಕುದುರೆ ಸವಾರ ಧ್ವಜ ಹಿಡಿದು ಕಾಣಿಸಿಕೊಳ್ಳುತ್ತಾನೆ.

ಈ ನಾಟಕವನ್ನು ರಚಿಸಿದವರು ಪಾಲ್ ಗ್ರೀನ್. ಇವರೇ ಬರೆದ 'ದಿ ಲಾಸ್ಟ್ ಕಾಲೊನಿ' ಎಂಬ ಬಯಲು ನಾಟಕ ಉತ್ತರ ಕೆರೊಲಿನಾದ ರೋನೋಕ್ ದ್ವೀಪದಲ್ಲಿ 1937ರಲ್ಲಿ ಆರಂಭವಾಯಿತು. ಯುದ್ಧಕಾಲದಂಥ ಕೆಲವು ವಿರಾಮಗಳನ್ನು ಬಿಟ್ಟರೆ ಇಂದಿಗೂ ನಡೆದಿದೆ. ಒಂದು ಪ್ರದೇಶದ ಇತಿಹಾಸವನ್ನು ಆ ಪ್ರದೇಶದಲ್ಲೇ, ಬಯಲಿನಲ್ಲಿ, ವರ್ಷವರ್ಷವೂ ಆಡಿಸುವುದು ಅವರ ಕ್ರಮ.

ವ್ಯಾಪಾರಿಗಳಾದ ನಾವು ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಪಾಲೊ ಡ್ಯೂರೊ ನಾಟಕವನ್ನು ನಡೆಸುತ್ತಿರುವುದು ಲಾಭಕ್ಕಾಗಿ ಸ್ಥಾಪಿತವಾದ ಕಂಪನಿಯಲ್ಲ, ಲಾಭರಹಿತ ಪ್ರತಿಷ್ಠಾನ. ಮಾಲೀಕನಿಗೆ ಹೂಡಿಕೆಯ ಮೇಲೆ ಪ್ರತಿಫಲ ಕೊಡಬೇಕಾದ ಹೊಣೆ ಅದಕ್ಕಿಲ್ಲ. ಎರಡನೆಯದಾಗಿ, ಕಣಿವೆ, ರಸ್ತೆ ಮತ್ತು ಬಿಡಾರದ ತಾಣಗಳು ಸರ್ಕಾರದ ಉದ್ಯಾನದಲ್ಲಿವೆ. ಅಂದರೆ ನಾಟಕದವರು ಭೂಮಿ ಮತ್ತು ವಸತಿಯ ಬಂಡವಾಳವನ್ನು ತಾವೇ ಹೂಡಬೇಕಾಗಿ ಬಂದಿಲ್ಲ. ನಮ್ಮ ಶಾಮಿಯಾನ ವ್ಯಾಪಾರಿಗಳ ಯೋಜನೆಯಲ್ಲಿ ಇವೆರಡೂ ಒಬ್ಬನೇ ವ್ಯಕ್ತಿಯ ತಲೆಯ ಮೇಲೆ ಬೀಳುತ್ತಿದ್ದವು.

ಇನ್ನೊಂದು ವ್ಯತ್ಯಾಸವೂ ಇದೆ. ಅಲ್ಲಿ ನಾಟಕ ನಿಂತಲ್ಲೇ ನಿಂತಿದೆ, ಜನ ಅಲ್ಲಿಗೆ ಬರುತ್ತಾರೆ. ಬನಶಂಕರಿಯಲ್ಲಿ ದೇವಿ ನಿಂತಿದ್ದಾಳೆ, ಜನವೂ ನಾಟಕವೂ ಅಲ್ಲಿಗೆ ಬರುತ್ತವೆ. ಜನರನ್ನು ಕರೆತರುವ ಖರ್ಚನ್ನು ಜಾತ್ರೆಯೇ ವಹಿಸಿಕೊಳ್ಳುತ್ತದೆ. ಜಾತ್ರೆಯಿಲ್ಲದ ಬಯಲಿನಲ್ಲಿ ನಾಟಕ ಆಡಿಸುವವನು ಆ ಖರ್ಚನ್ನು ತಾನೇ ಭರಿಸಬೇಕು. ಯೋಜನಾ ವರದಿಗಳಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಕಲಮು ಇದೇ.

ಹಣ ಕೊಡುವವರು ಯಾರು?

ಬಯಲು ಪ್ರದರ್ಶನಗಳ ಆದಾಯ ನಮ್ಮ ದೇಶದಲ್ಲಿ ಮೂರು ಬಗೆಯಲ್ಲಿ ಬರುತ್ತದೆ.

ಒಂದು, ನೋಡುಗನೇ ಟಿಕೆಟ್ ಕೊಳ್ಳುವ ಕಂಪನಿ ನಾಟಕದ ಬಗೆ. ಗುಬ್ಬಿ ವೀರಣ್ಣನವರ ಕಂಪನಿಯಿಂದ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದವರೆಗೆ ಎಲ್ಲರೂ ಈ ಹಾದಿಯಲ್ಲೇ ನಡೆದವರು. ಗದಗಿನ ಪಂಚಾಕ್ಷರಿ ಗವಾಯಿಗಳು ಅಂಧ ವಿದ್ಯಾರ್ಥಿಗಳ ಅನ್ನ-ವಿದ್ಯೆಗಾಗಿ ನಾಟಕ ಕಂಪನಿಯನ್ನು ಕಟ್ಟಿದರು. ಪುಟ್ಟರಾಜ ಗವಾಯಿಗಳು ಅದನ್ನು ಮುಂದುವರಿಸಿದರು. ಟಿಕೆಟ್ಟಿನ ಹಣದಿಂದ ಒಂದು ಆಶ್ರಮಕ್ಕೆ ಆಧಾರ ಒದಗಿತೆಂಬುದನ್ನು ಲೆಕ್ಕಿಗನಾಗಿ ನಾನು ಗೌರವದಿಂದ ಸ್ಮರಿಸುತ್ತೇನೆ.

ಎರಡು, ಒಬ್ಬ ಸೇವಾಕರ್ತನು ಪೂರ್ತಿ ಹಣ ಕೊಟ್ಟು, ಜನರು ಪುಕ್ಕಟೆಯಾಗಿ ನೋಡುವ ಬಗೆ. ಕರಾವಳಿಯ ಹರಕೆ ಬಯಲಾಟ ಇದಕ್ಕೆ ಮಾದರಿ. ಕಟೀಲು ಮೇಳದ ಆಟವನ್ನು ಆಡಿಸಲು ಭಕ್ತರು ವರ್ಷಗಟ್ಟಲೆ ಮೊದಲೇ ಸರದಿಯಲ್ಲಿ ನಿಲ್ಲುತ್ತಾರೆ. ಇಲ್ಲಿ ಮಳೆ ಬಂದರೂ ಮೇಳದ ಆದಾಯಕ್ಕೆ ಟಿಕೆಟ್ ಕಂಪನಿಗೆ ಬೀಳುವಷ್ಟು ಪೆಟ್ಟು ಬೀಳುವುದಿಲ್ಲ.

ಮೂರು, ಊರಿನವರು ಕೂಡಿ ರಾತ್ರಿಗಿಷ್ಟೆಂದು ಗುತ್ತಿಗೆ ಮಾಡಿಕೊಳ್ಳುವ ಬಗೆ. ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ ಜಾತ್ರೆಗಳ ಹಂಗಾಮಿಗೆ ಮುನ್ನ ತಮಾಷಾ ಮಂಡಳಿಗಳು ರಾಹುಟಿ ಹಾಕಿಕೊಂಡು ಕುಳಿತಿರುತ್ತವೆ. ಹಳ್ಳಿಗಳ ಮುಖಂಡರು ಬಂದು ದರ ಕುದುರಿಸಿ ಸುಪಾರಿ ಕೊಟ್ಟು ಹೋಗುತ್ತಾರೆ. ಅದನ್ನು ಕಲೆಯ ಸಗಟು ಮಾರುಕಟ್ಟೆ ಎನ್ನಬಹುದು.

ಈ ಮೂರರಲ್ಲಿ ಅಪಾಯದ ಭಾರ ಪ್ರದರ್ಶನ ನಡೆಸುವವನ ಮೇಲೆ ಅತಿ ಹೆಚ್ಚಾಗಿ ಬೀಳುವುದು ಮೊದಲನೆಯದರಲ್ಲಿ. ನಮ್ಮ ಯುವಕರು ಆರಿಸಿಕೊಂಡದ್ದೂ ಅದನ್ನೇ.

ಒಂದು ಮಾದರಿ ಲೆಕ್ಕ

ಅವರ ನಿಜವಾದ ಅಂಕಿಗಳನ್ನು ಬಿಟ್ಟು, ತಿಳಿವಳಿಕೆಗಾಗಿ ದುಂಡು ಸಂಖ್ಯೆಗಳ ಒಂದು ಉದಾಹರಣೆಯನ್ನು ಕೊಡುತ್ತೇನೆ.

600 ಆಸನಗಳ ಬಯಲು ರಂಗಮಂಟಪ ಮತ್ತು 15 ಬಿಡಾರದ ತಾಣಗಳು ಎಂದಿಟ್ಟುಕೊಳ್ಳೋಣ. ವೇದಿಕೆ, ಮೆಟ್ಟಿಲು, ದೀಪ, ಶೌಚಾಲಯ, ಕೊಳವೆಬಾವಿ, ಬೇಲಿ ಎಲ್ಲ ಸೇರಿ ಬಂಡವಾಳ ವೆಚ್ಚ 60 ಲಕ್ಷ ರೂ. ಹತ್ತು ವರ್ಷಗಳ ಬಾಳಿಕೆಯೆಂದರೆ ವಾರ್ಷಿಕ ಸವಕಳಿ 6 ಲಕ್ಷ. 40 ಲಕ್ಷ ಸಾಲಕ್ಕೆ ಶೇ. 11ರಂತೆ ಮೊದಲ ವರ್ಷದ ಬಡ್ಡಿ 4.40 ಲಕ್ಷ. ಕಾವಲು, ದುರಸ್ತಿ, ಪರವಾನಗಿ, ಪ್ರಚಾರ ಇತ್ಯಾದಿಗಳಿಗೆ 5.60 ಲಕ್ಷ. ಒಟ್ಟು ಸ್ಥಿರ ವೆಚ್ಚ ವರ್ಷಕ್ಕೆ 16 ಲಕ್ಷ.

ನಮ್ಮ ಜಿಲ್ಲೆಯಲ್ಲಿ ಬಯಲಿನಲ್ಲಿ ಕೂರಲು ತಕ್ಕ ಕಾಲವೆಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ. ಶನಿವಾರ-ಭಾನುವಾರಗಳು ಮತ್ತು ಹಬ್ಬದ ರಜೆಗಳು ಸೇರಿ 40 ರಾತ್ರಿಗಳು ದೊರೆಯಬಹುದು. ಕಲಾವಿದರು, ಧ್ವನಿ, ಜನರೇಟರ್ ಎಲ್ಲ ಸೇರಿ ರಾತ್ರಿಯೊಂದಕ್ಕೆ 35,000 ರೂ. ಎಂದರೆ 14 ಲಕ್ಷ. ಸ್ಥಿರ ವೆಚ್ಚದೊಂದಿಗೆ ಒಟ್ಟು 30 ಲಕ್ಷ. ರಾತ್ರಿಗೆ 75,000 ರೂ.

ಟಿಕೆಟ್ 150 ರೂ. ಆದರೆ, ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಲು ಪ್ರತಿ ರಾತ್ರಿ 500 ಜನ ಬೇಕು. ಅಂದರೆ ಆಸನಗಳ ಶೇ. 83ರಷ್ಟು ತುಂಬಬೇಕು.

ಈಗ ಬಿಡಾರದ ಆದಾಯವನ್ನು ಸೇರಿಸೋಣ. 15ರಲ್ಲಿ 10 ತಾಣಗಳು ತುಂಬಿ, ತಾಣಕ್ಕೆ 1,000 ರೂ. ಬಾಡಿಗೆ ಬಂದು, ಹಾಸಿಗೆ-ನೀರು-ಸ್ವಚ್ಛತೆಗೆ 400 ರೂ. ಹೋದರೆ ರಾತ್ರಿಗೆ 6,000 ರೂ. ಉಳಿತಾಯ. 12 ಮಳಿಗೆಗಳಿಂದ 500 ರೂ.ನಂತೆ ಇನ್ನೂ 6,000 ರೂ. ಆಗ ಟಿಕೆಟ್ಟಿನಿಂದ ಬರಬೇಕಾದದ್ದು 63,000 ರೂ., ಅಂದರೆ 420 ಜನ ಸಾಕು. ಬಿಡಾರ ಮತ್ತು ಮಳಿಗೆಗಳು ಸಮಭಂಗ ಬಿಂದುವನ್ನು ಶೇ. 83ರಿಂದ 70ಕ್ಕೆ ಇಳಿಸಿದವು. ಇದು ಸಣ್ಣ ಮಾತಲ್ಲ.

ಆದರೆ ಅಕಾಲಿಕ ಮಳೆ, ಚುನಾವಣೆ ಅಥವಾ ಇನ್ನಾವುದೋ ಕಾರಣದಿಂದ 4 ರಾತ್ರಿ ರದ್ದಾದವೆನ್ನಿ. ಕಲಾವಿದರಿಗೆ ಕೊಡುವುದನ್ನು ಕೊಡಲೇಬೇಕು. ಅದೇ 30 ಲಕ್ಷವನ್ನು 36 ರಾತ್ರಿಗಳು ಹೊರಬೇಕಾಗುತ್ತದೆ. ರಾತ್ರಿಗೆ 83,333 ರೂ. ಅದರಲ್ಲಿ 12,000 ಕಳೆದರೆ 71,333 ರೂ., ಅಂದರೆ 476 ಜನ. ನಾಲ್ಕೇ ರಾತ್ರಿಗಳು ಸಮಭಂಗ ಬಿಂದುವನ್ನು ಪುನಃ ಶೇ. 79ಕ್ಕೆ ಏರಿಸಿದವು. ಬಿಡಾರದಿಂದ ಗಳಿಸಿದ ಅನುಕೂಲದ ಬಹುಭಾಗವನ್ನು ಮಳೆ ತೆಗೆದುಕೊಂಡು ಹೋಯಿತು.

ಜಿ.ಎಸ್.ಟಿ. ಅಂಶಗಳು

ಈ ವಿಭಾಗವನ್ನು ಮಳಿಗೆ ಹಾಕುವ ಸದಸ್ಯರೂ ಓದಬೇಕಾಗಿ ವಿನಂತಿ.

1. ನಾಟಕದ ಟಿಕೆಟ್: ನಾಟಕ, ನೃತ್ಯ, ಸರ್ಕಸ್ ಮೊದಲಾದವುಗಳ ಪ್ರವೇಶ ಶುಲ್ಕವು ವ್ಯಕ್ತಿಗೆ 500 ರೂ. ಮೀರದಿದ್ದರೆ ತೆರಿಗೆಯಿಂದ ವಿನಾಯಿತಿಯಿದೆ. 2017ರಲ್ಲಿ 250 ರೂ. ಇದ್ದ ಈ ಮಿತಿಯನ್ನು 2018ರ ಜನವರಿಯಲ್ಲಿ ಏರಿಸಲಾಯಿತು.

2. ಬಿಡಾರದ ಬಾಡಿಗೆ: ಹೊಟೇಲ್ ವಸತಿಯ ವ್ಯಾಖ್ಯೆಯಲ್ಲಿ ಬಿಡಾರದ ತಾಣಗಳೂ ಸೇರಿವೆ. ದಿನಕ್ಕೆ 1,000 ರೂ. ಒಳಗಿನ ವಸತಿಗೆ ಹಿಂದೆ ಇದ್ದ ವಿನಾಯಿತಿ 2022ರ ಜುಲೈ 18ರಿಂದ ಇಲ್ಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ವರೆಗಿನ ವಸತಿಗೆ ಶೇ. 5ರ ದರವಿದೆ. ಆದರೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ.

3. ಮರೆತುಹೋಗುವ ವೆಚ್ಚ: ಟಿಕೆಟ್ಟಿಗೆ ವಿನಾಯಿತಿ, ಬಿಡಾರಕ್ಕೆ ಜಮೆಯಿಲ್ಲದ ದರ. ಹಾಗಾದರೆ ಕೊಂಡ ಸಾಮಗ್ರಿಗಳ ಮೇಲೆ ಕೊಟ್ಟ ತೆರಿಗೆ ಬಹುಮಟ್ಟಿಗೆ ಮರಳಿ ಬಾರದು. ಸ್ಥಿರಾಸ್ತಿ ನಿರ್ಮಾಣದ ಮೇಲಿನ ಜಮೆಗಂತೂ ಬೇರೆಯೇ ನಿರ್ಬಂಧವಿದೆ. 60 ಲಕ್ಷವೂ ಶೇ. 18ರ ದರದ್ದಾಗಿದ್ದರೆ ಅದರಲ್ಲಿ 9 ಲಕ್ಷಕ್ಕೂ ಮಿಗಿಲು ತೆರಿಗೆಯೇ ಇದೆ. ನಮ್ಮ ಯುವಕರು ತಮ್ಮ ಅಂದಾಜಿನಲ್ಲಿ ಈ ಹಣ ವಾಪಸು ಬರುವುದೆಂದು ಜಮಾ ಬದಿಯಲ್ಲಿ ತೋರಿಸಿದ್ದರು. ಅದನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಕಾಯಿತು.

4. ನೋಂದಣಿ: ಸೇವೆಗಳಿಗೆ ವಾರ್ಷಿಕ ವಹಿವಾಟಿನ ಮಿತಿ 20 ಲಕ್ಷ ರೂ. ಈ ಮಿತಿಯನ್ನು ಎಣಿಸುವಾಗ ವಿನಾಯಿತಿಯುಳ್ಳ ಆದಾಯವನ್ನೂ ಸೇರಿಸಬೇಕು. ಮೇಲಿನ ಉದಾಹರಣೆಯಲ್ಲಿ ಬಿಡಾರದಿಂದ 4 ಲಕ್ಷ, ಮಳಿಗೆಗಳಿಂದ 2.40 ಲಕ್ಷ, ಒಟ್ಟು 6.40 ಲಕ್ಷ ಮಾತ್ರ ತೆರಿಗೆಗೆ ಒಳಪಡುವಂಥದು. "ಇಷ್ಟಕ್ಕೆ ನೋಂದಣಿ ಏಕೆ?" ಎಂದು ಯಾರಾದರೂ ಕೇಳಬಹುದು. ಆದರೆ 420 ಜನರಂತೆ ಟಿಕೆಟ್ಟಿನ 25.20 ಲಕ್ಷ ಸೇರಿ ಒಟ್ಟು ವಹಿವಾಟು 31.60 ಲಕ್ಷವಾಗುತ್ತದೆ. ನೋಂದಣಿ ಕಡ್ಡಾಯ. ಬಿಡಾರದ ಮೇಲೆ ಶೇ. 5, ಮಳಿಗೆ ಬಾಡಿಗೆಯ ಮೇಲೆ ಶೇ. 18 ತೆರಿಗೆ ವಸೂಲು ಮಾಡಿ ಕಟ್ಟಬೇಕು. ಮಾಡದಿದ್ದರೆ ಮುಂದೊಂದು ದಿನ ಬಡ್ಡಿ ಮತ್ತು ದಂಡದೊಂದಿಗೆ ಸ್ವಂತ ಜೇಬಿನಿಂದ ಕಟ್ಟಬೇಕಾಗುತ್ತದೆ.

5. ಕಲಾವಿದರ ಸಂಭಾವನೆ: ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ರಂಗಕಲೆಯ ಒಂದು ಪ್ರದರ್ಶನಕ್ಕೆ ಕಲಾವಿದನು ಪಡೆಯುವ ಸಂಭಾವನೆ 1.50 ಲಕ್ಷ ರೂ. ಮೀರದಿದ್ದರೆ ವಿನಾಯಿತಿಯಿದೆ. ಬಯಲಾಟದಂಥವು ಇದರೊಳಗೆ ಬರುತ್ತವೆ. ಕಂಪನಿ ನಾಟಕಕ್ಕೂ ಇದು ಅನ್ವಯಿಸುವುದೇ ಎಂಬುದು ವಾದಕ್ಕೆ ಎಡೆಯುಳ್ಳ ವಿಷಯ. ಒಪ್ಪಂದಕ್ಕೆ ಮೊದಲು ಸಲಹೆ ಪಡೆಯಿರಿ.

6. ದೇವಸ್ಥಾನದ ಬಯಲು: ನೋಂದಾಯಿತ ಧಾರ್ಮಿಕ ಟ್ರಸ್ಟು ತನ್ನ ಆವರಣದ ತೆರೆದ ಜಾಗವನ್ನು ದಿನಕ್ಕೆ 10,000 ರೂ.ಗಿಂತ ಕಡಿಮೆಗೆ, ಅಂಗಡಿ ಜಾಗವನ್ನು ತಿಂಗಳಿಗೆ 10,000 ರೂ.ಗಿಂತ ಕಡಿಮೆಗೆ ಬಾಡಿಗೆಗೆ ಕೊಟ್ಟರೆ ಅದಕ್ಕೆ ವಿನಾಯಿತಿಯಿದೆ. ಜಾತ್ರೆಯ ಮಳಿಗೆದಾರರು ರಸೀದಿಯಲ್ಲಿ ತೆರಿಗೆ ಸೇರಿಸಿದ್ದರೆ ಪ್ರಶ್ನಿಸಬಹುದು.

7. ಹೊರರಾಜ್ಯದ ಮಳಿಗೆಗಳು: ನಮ್ಮದು ಮೂರು ರಾಜ್ಯಗಳು ಕೂಡುವ ಜಿಲ್ಲೆ. ಉದಗೀರ ಅಥವಾ ಜಹೀರಾಬಾದಿನ ವ್ಯಾಪಾರಿ ಇಲ್ಲಿ ಕಾಯಂ ಸ್ಥಳವಿಲ್ಲದೆ ಕೆಲವು ದಿನ ತೆರಿಗೆಗೆ ಒಳಪಡುವ ಸರಕು ಮಾರಿದರೆ, ಅಥವಾ ನಮ್ಮವರು ಮಾಳೇಗಾಂವ್‌ಗೆ ಹೋಗಿ ಮಾರಿದರೆ, ವಹಿವಾಟು ಎಷ್ಟೇ ಇರಲಿ, 'ಸಾಂದರ್ಭಿಕ ತೆರಿಗೆದಾರ' ಎಂದು ನೋಂದಾಯಿಸಿಕೊಳ್ಳಬೇಕು. ಆರಂಭಕ್ಕೆ ಕನಿಷ್ಠ 5 ದಿನ ಮೊದಲು ಅರ್ಜಿ, ಅಂದಾಜು ತೆರಿಗೆಯ ಮುಂಗಡ ಪಾವತಿ, 90 ದಿನಗಳ ಅವಧಿ. ಕರಕುಶಲ ವಸ್ತುಗಳಿಗೆ ನಿಗದಿತ ಮಿತಿಯೊಳಗೆ ರಿಯಾಯಿತಿ ಉಂಟು. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬಿದರಿ ವಸ್ತುಗಳ ವ್ಯಾಪಾರಿಗಳು ಇದನ್ನು ವಿಚಾರಿಸಿ ತಿಳಿದುಕೊಳ್ಳುವುದು ಒಳಿತು.

ಆದಾಯ ತೆರಿಗೆಗೆ ಸಂಬಂಧಿಸಿ ಒಂದೇ ಮಾತು. ಜಾತ್ರೆಯ ವ್ಯವಹಾರವೆಲ್ಲ ನಗದು. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಕೊಟ್ಟ ವ್ಯಾಪಾರ ವೆಚ್ಚವನ್ನು ಸಾಮಾನ್ಯವಾಗಿ ಖರ್ಚೆಂದು ಒಪ್ಪುವುದಿಲ್ಲ. ಕಂಪನಿಯ ಮಾಲೀಕರಿಗೆ ರಾತ್ರೋರಾತ್ರಿ ಕೈಗೆ ಕೊಟ್ಟ ಹಣ ಲಾಭವೆಂದೇ ಎಣಿಕೆಯಾದೀತು.

ಇತರ ಕಾನೂನುಗಳು

ಧ್ವನಿವರ್ಧಕ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಧಾರ್ಮಿಕ-ಸಾಂಸ್ಕೃತಿಕ ಸಂದರ್ಭಗಳಲ್ಲಿ ರಾಜ್ಯ ಸರ್ಕಾರವು ವರ್ಷಕ್ಕೆ ಗರಿಷ್ಠ 15 ದಿನ ಮಾತ್ರ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ನೀಡಬಹುದು. ಹಾಗಾಗಿ 40 ರಾತ್ರಿಗಳ ಯೋಜನೆಯಲ್ಲಿ ನಾಟಕ 7ಕ್ಕೆ ಆರಂಭವಾಗಿ 10ರೊಳಗೆ ಮುಗಿಯಬೇಕು. ರಾತ್ರಿಗೆ ಎರಡು ಪ್ರಯೋಗವೆಂಬ ಯುವಕರ ಲೆಕ್ಕ ಅಲ್ಲಿಗೇ ನಿಂತಿತು.

ಭೂಮಿ: ಕೃಷಿ ಭೂಮಿಯಲ್ಲಿ ಕಾಯಂ ರಂಗಮಂಟಪ ಕಟ್ಟುವ ಮೊದಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ಭೂ ಪರಿವರ್ತನೆ ಆಗಬೇಕು. ಬೀದರ್ ಕೋಟೆ, ಅಷ್ಟೂರಿನ ಗುಂಬಜುಗಳು ಮೊದಲಾದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. 2023ರ ಜನವರಿಯಲ್ಲಿ ಕೋಟೆಯಲ್ಲಿ ಬೀದರ್ ಉತ್ಸವ ನಡೆದುದನ್ನು ಕಂಡು ಖಾಸಗಿಯವರೂ ಅಲ್ಲಿ ವೇದಿಕೆ ಕಟ್ಟಬಹುದೆಂದು ಭಾವಿಸಬಾರದು.

ಕೃತಿಸ್ವಾಮ್ಯ: ನಾಟಕಕಾರನ ಜೀವಿತಾವಧಿ ಮತ್ತು ಆ ನಂತರದ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ಅನುಮತಿ ಪತ್ರವನ್ನು ಪಡೆದು ಕಡತದಲ್ಲಿರಿಸಬೇಕು. ನಡುನಡುವೆ ಹಾಕುವ ಚಿತ್ರಗೀತೆಗಳಿಗೂ ಪರವಾನಗಿ ಬೇಕಾಗುತ್ತದೆ.

ಒಂದು ಹಳೆಯ ಸಹಿ

ಇಷ್ಟೆಲ್ಲ ಎಚ್ಚರಿಕೆಗೆ ಕಾರಣವೊಂದಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಭಾಗದ ಒಬ್ಬರು ಜಾತ್ರೆಯೊಂದರಲ್ಲಿ ನಾಟಕ ಕಂಪನಿಯ 30 ರಾತ್ರಿಗಳನ್ನು ಗುತ್ತಿಗೆ ಹಿಡಿದರು. ಸಾಲಕ್ಕಾಗಿ ಅಂದಾಜು ಪಟ್ಟಿ ಬೇಕಿತ್ತು. ಅವರು ಹೇಳಿದ 30 ರಾತ್ರಿಗಳನ್ನೂ ತುಂಬಿದ ರಾತ್ರಿಗಳೆಂದೇ ಎಣಿಸಿ ಪಟ್ಟಿ ಮಾಡಿದೆ, ಸಹಿಯನ್ನೂ ಹಾಕಿದೆ. ಐದನೆಯ ರಾತ್ರಿ ಅಕಾಲದ ಮಳೆ ಬಂತು. ತಗಡು ಹಾರಿತು, ಪರದೆ ನೆನೆಯಿತು, ಒಂದು ವಾರ ಆಟ ನಿಂತಿತು. ಮರುವರ್ಷ ಅವರು ನಾಲ್ಕು ಎಕರೆ ಹೊಲ ಮಾರಿ ಸಾಲ ತೀರಿಸಿದರು. ಇಂದಿಗೂ ಎದುರಾದರೆ ನಮಸ್ಕರಿಸಿ, "ಲೆಕ್ಕ ಸರಿ ಇತ್ತು ಸಾಹೇಬ್ರೇ, ಮಳೆ ತಪ್ಪಿತು" ಎನ್ನುತ್ತಾರೆ. ಲೆಕ್ಕವೂ ಸರಿ ಇರಲಿಲ್ಲ ಎಂಬುದು ನನಗೆ ಗೊತ್ತಿದೆ. ಮಳೆಯನ್ನು ಲೆಕ್ಕಕ್ಕೆ ಹಿಡಿಯುವುದು ನನ್ನ ಕೆಲಸವಾಗಿತ್ತು, ಅವರದಲ್ಲ.

ಸಾಲವಿಲ್ಲದೆ ಪರೀಕ್ಷೆ

ಭಾಲ್ಕಿಯ ತಂದೆ-ಮಗನ ವಿಷಯಕ್ಕೆ ಬರೋಣ. ಅವರ ಬಳಿ ಒಂದು ಅನುಕೂಲವಿತ್ತು, ಅದನ್ನು ಅವರೇ ಗಮನಿಸಿರಲಿಲ್ಲ. ಧನುರ್ಮಾಸದಲ್ಲಿ, ಅಂದರೆ ಡಿಸೆಂಬರ್ ನಡುವಿನಿಂದ ಮಕರ ಸಂಕ್ರಾಂತಿಯವರೆಗೆ, ಮದುವೆಗಳಿಲ್ಲ. ಶಾಮಿಯಾನ, ಕುರ್ಚಿ, ದೀಪ, ಅಡುಗೆ ಪಾತ್ರೆ ಎಲ್ಲವೂ ಗೋದಾಮಿನಲ್ಲಿ ಸುಮ್ಮನೆ ಬಿದ್ದಿರುತ್ತವೆ. ಅದೇ ಅವಧಿಯಲ್ಲಿ ನಮ್ಮಲ್ಲಿ ಮಳೆಯ ಭಯ ಕಡಿಮೆ, ಸುಗ್ಗಿಯ ಹಣ ರೈತರ ಕೈಗೆ ಬರುತ್ತಿರುತ್ತದೆ. ಬೇರೆಯವನು ಬಾಡಿಗೆ ಕೊಟ್ಟು ತರಬೇಕಾದ ಸಾಮಗ್ರಿ ಇವರಿಗೆ ಸಾಗಣೆ ಖರ್ಚಿನಲ್ಲೇ ದೊರೆಯುತ್ತದೆ. ಆದ್ದರಿಂದ ಕಾಯಂ ಕಟ್ಟಡ ಬೇಡ, ಸಾಲ ಬೇಡ. ಮೂರು ವಾರಾಂತ್ಯಗಳ ಆರು ರಾತ್ರಿ ನಡೆಸಿ ನೋಡಿರಿ, ನಷ್ಟಕ್ಕೆ ಒಂದು ಮಿತಿಯನ್ನು ಮೊದಲೇ ಬರೆದಿಟ್ಟುಕೊಳ್ಳಿರಿ ಎಂದು ಸಲಹೆ ಕೊಟ್ಟೆ. ಮಗನಿಗೆ ನಿರಾಸೆಯಾಯಿತು. ತಂದೆ ಒಪ್ಪಿದರು.

ಆರು ರಾತ್ರಿಗಳೂ ನಡೆದವು. ಒಂದು ರಾತ್ರಿ ಮಾತ್ರ ಬಯಲು ತುಂಬಿತು. ಎರಡು ರಾತ್ರಿ ಅರ್ಧವೂ ತುಂಬಲಿಲ್ಲ. ಕೊನೆಗೆ ನಷ್ಟವಾಯಿತು, ಆದರೆ ಬರೆದಿಟ್ಟ ಮಿತಿಯೊಳಗೇ ನಿಂತಿತು. ವಹಿ ಬರೆಯುವಾಗ ಒಂದು ವಿಷಯ ಕಂಡುಬಂತು. ಔರಾದ ಕಡೆಯ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಬಂದು ಅಲ್ಲೇ ಉಳಿದ ಕುಟುಂಬಗಳು ಎಣಿಕೆಯಲ್ಲಿ ಕಡಿಮೆ. ಆದರೆ ಸಂಜೆಯ ಮಿರ್ಚಿ ಭಜಿಯಿಂದ ಬೆಳಗಿನ ಚಹದವರೆಗೆ ಮಳಿಗೆಗಳ ವ್ಯಾಪಾರ ಬಹುಮಟ್ಟಿಗೆ ಅವರದೇ. ನಾಟಕ ಮುಗಿಯುತ್ತಲೇ ಮೋಟಾರ್‌ಸೈಕಲ್ ಹತ್ತಿ ಹೋದವರು ಟಿಕೆಟ್ಟಿನ ಹೊರತು ಏನನ್ನೂ ಕೊಳ್ಳಲಿಲ್ಲ. ರಾತ್ರಿ ಉಳಿಯುವವನೇ ಪೇಟೆಯನ್ನು ನಡೆಸುವವನು ಎಂಬುದು ಬನಶಂಕರಿಯ ಅಂಗಡಿಕಾರರಿಗೆ ಹಿಂದಿನಿಂದಲೂ ಗೊತ್ತಿರುವ ಮಾತು.

ಕಾರವಾನ್ ಪ್ರವಾಸಕ್ಕೆ ಕೇರಳ ಮತ್ತು ಮಹಾರಾಷ್ಟ್ರಗಳು 2021ರಲ್ಲಿ ನೀತಿಗಳನ್ನು ಪ್ರಕಟಿಸಿವೆ. ಮುಂದೆ ಅಂಥ ವಾಹನಗಳು ನಮ್ಮ ರಸ್ತೆಗಳಲ್ಲೂ ಹೆಚ್ಚಾಗಿ ಕಾಣಬಹುದು. ಅದಕ್ಕಾಗಿ ಕಾಯುವ ಅಗತ್ಯವಿಲ್ಲ. ಜಾತ್ರೆಗೆ ಟ್ರ್ಯಾಕ್ಟರಿನಲ್ಲಿ ಬರುವ ಕುಟುಂಬಕ್ಕೆ ಶುದ್ಧ ನೀರು, ಹೆಂಗಸರಿಗೆ ಶೌಚಾಲಯ, ದೀಪವಿರುವ ನಿಲುಗಡೆ ಜಾಗ, ಇಷ್ಟನ್ನು ನ್ಯಾಯವಾದ ದರದಲ್ಲಿ ಒದಗಿಸುವುದು ಇಂದೇ ಮಾಡಬಹುದಾದ ವ್ಯವಹಾರ. ನಮ್ಮ ಸಂಸ್ಥೆಯ ಸದಸ್ಯರು ನಾಲ್ಕಾರು ಜನ ಕೂಡಿ ಮಾಡಿದರೆ ಅಪಾಯವೂ ಹಂಚಿಹೋಗುತ್ತದೆ.

ತಂದೆ-ಮಗ ಮುಂದಿನ ವರ್ಷಕ್ಕೆ ಹೊಸ ಯೋಜನೆ ಮಾಡಿದ್ದಾರೆ. ತಮ್ಮ ಭೂಮಿಗೆ ಜನರನ್ನು ಕರೆಯುವುದರ ಬದಲು, ಜನ ಸೇರುವ ಜಾತ್ರೆಯ ಬಯಲಿಗೆ ತಮ್ಮ ಶಾಮಿಯಾನವನ್ನು ಒಯ್ಯುವುದು. ನಾಟಕವನ್ನು ಊರಿನವರ ಗುತ್ತಿಗೆಗೆ ಬಿಟ್ಟು, ಬಿಡಾರವನ್ನು ತಾವು ನಡೆಸುವುದು. ಅದರ ಅಂದಾಜು ಪಟ್ಟಿ ಈಗ ನನ್ನ ಮೇಜಿನ ಮೇಲಿದೆ. ಈ ಬಾರಿ ಮಳೆಗೆಂದು ಒಂದು ಸಾಲನ್ನು ಮಗನೇ ಸೇರಿಸಿದ್ದಾನೆ. ಮನೆಯ ಕಾಗದಪತ್ರಗಳು ಮನೆಯಲ್ಲೇ ಇವೆ.